ಟ್ರ್ಯಾಕ್ಟರ್ ಆಸನದ ಫೋಮು: ಮೆತ್ತಗಿದ್ದರೆ ಸಾಲದು

ಉಳುಮೆ, ಬಿತ್ತನೆ, ಸಾಗಾಣಿಕೆ ಎಂದು ದಿನವಿಡೀ ಟ್ರ್ಯಾಕ್ಟರಿನ ಮೇಲೆ ಕೂರುವ ರೈತರಿಗೆ ಸೊಂಟನೋವು ಹೊಸದಲ್ಲ. ಆಸನ ಹಳತಾದಾಗ ಅಂಗಡಿಯಲ್ಲಿ ಹೆಬ್ಬೆರಳಿನಿಂದ ಅದುಮಿ ನೋಡಿ, ಮೆತ್ತಗಿರುವ ಫೋಮನ್ನು ತಂದು ಹೊಲಿಸುವುದುಂಟು. ಆದರೆ ಬೆರಳಿನ ಒತ್ತಿಗೆ ಫೋಮು ತೋರುವ ಗುಣ ಬೇರೆ, ಆಳಿನ ಭಾರಕ್ಕೂ ಹೊಲದ ಕುಲುಕಾಟಕ್ಕೂ ತೋರುವ ಗುಣ ಬೇರೆ. ಇದನ್ನು ಅರಿತು ಕೊಂಡರೆ ಹಣವೂ ಉಳಿಯುತ್ತದೆ, ಬೆನ್ನೂ ಉಳಿಯುತ್ತದೆ.

ಫೋಮು ಎಂದರೇನು?

ಜರ್ಮನಿಯ ಆಟೋ ಬೇಯರ್ ಮತ್ತು ಸಂಗಡಿಗರು 1937ರಲ್ಲಿ ಕಂಡುಹಿಡಿದ ಪಾಲಿಯುರಿಥೇನಿನ ಒಂದು ರೂಪವೇ ಆಸನದ ಫೋಮು. ಗಟ್ಟಿ ಪಾಲಿಯುರಿಥೇನ್ ಘನಮೀಟರಿಗೆ ಸುಮಾರು 1200 ಕಿ.ಗ್ರಾಂ ತೂಗುತ್ತದೆ. 40 ಕಿ.ಗ್ರಾಂ ಸಾಂದ್ರತೆಯ ಫೋಮಿನಲ್ಲಿ ನೂರಕ್ಕೆ ಸುಮಾರು ಮೂರು ಪಾಲು ಮಾತ್ರ ವಸ್ತು, ಉಳಿದದ್ದು ಗಾಳಿ. ತೆಳುವಾದ ಕಡ್ಡಿಗಳು ಕೂಡಿ ಆದ ತೆರೆದ ಗೂಡುಗಳ ಹಂದರವಿದು.

ಅದುಮಿದಾಗ ಮೂರು ಹಂತ

ಮೊದಲ ಹಂತದಲ್ಲಿ ಕಡ್ಡಿಗಳು ಸ್ವಲ್ಪವೇ ಬಾಗುತ್ತವೆ; ಫೋಮು ತುಸು ಬಿಗಿಯಾಗಿರುತ್ತದೆ. ಎರಡನೆಯದರಲ್ಲಿ ಕಡ್ಡಿಗಳು ಮಡಿಚಿಕೊಳ್ಳುತ್ತವೆ. ಭಾರ ಸ್ವಲ್ಪವೇ ಹೆಚ್ಚಿದರೂ ಫೋಮು ಬಹಳ ತಗ್ಗುತ್ತದೆ. ಕೂರಲು ಹಿತವಾದ ಹಂತ ಇದೇ. ದಪ್ಪದ ಅರ್ಧಕ್ಕಿಂತ ಹೆಚ್ಚು ತಗ್ಗಿದ ಮೇಲೆ ಕಡ್ಡಿಗಳು ಒಂದಕ್ಕೊಂದು ತಾಗಿ ಮೂರನೆಯ ಹಂತ ಬರುತ್ತದೆ. ಆಗ ಫೋಮು ಹಲಗೆಯಂತೆ ಗಡುಸಾಗಿ, ಹಳ್ಳದಿಂದ ಬಂದ ಪೆಟ್ಟು ನೇರವಾಗಿ ಬೆನ್ನೆಲುಬಿಗೆ ತಗಲುತ್ತದೆ. ತೆಳುವಾದ, ಬಹಳ ಮೆತ್ತನೆಯ ಫೋಮು ಬೇಗನೆ ಈ ಹಂತಕ್ಕೆ ಬಂದುಬಿಡುತ್ತದೆ.

ಒಂದೇ ಬಗೆಯ ರಸಾಯನದಿಂದ ಮಾಡಿದ ಫೋಮಿನಲ್ಲಿ ಸಾಂದ್ರತೆ ಎರಡು ಪಟ್ಟಾದರೆ ಬಿಗಿತ ಸುಮಾರು ನಾಲ್ಕು ಪಟ್ಟಾಗುತ್ತದೆ. ರಸಾಯನ ಬದಲಾದರೆ ಈ ಲೆಕ್ಕ ನಡೆಯದು. ಆದ್ದರಿಂದ ಬಿಗಿತವನ್ನೂ ಸಾಂದ್ರತೆಯನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು.

ಕುಲುಕಾಟದ ಲೆಕ್ಕ

ಎಂಜಿನಿಯರುಗಳು ಸರಳ ಲೆಕ್ಕದಲ್ಲಿ ಫೋಮನ್ನು ಒಂದು ಸ್ಪ್ರಿಂಗು ಮತ್ತು ಒಂದು ಶಾಕ್ ಅಬ್ಸಾರ್ಬರ್ ಜೊತೆಗೂಡಿದಂತೆ ಎಣಿಸುತ್ತಾರೆ. ಬರೀ ಫೋಮಿನ ಆಸನದ ಮೇಲೆ ಕೂತ ಆಳು ಸೆಕೆಂಡಿಗೆ ಸುಮಾರು 4 ಸಲ ಮೇಲೆ ಕೆಳಗೆ ಆಡುವುದು ಸಹಜ. ನೆಲದ ಕುಲುಕಾಟವೂ ಇದೇ ವೇಗದ್ದಾದರೆ ಫೋಮು ಅದನ್ನು ತಗ್ಗಿಸುವ ಬದಲು ಹೆಚ್ಚಿಸುತ್ತದೆ! ನಮ್ಮ ಬೆನ್ನೆಲುಬಿಗೆ ಹೆಚ್ಚು ತ್ರಾಸವಾಗುವುದೂ ಸೆಕೆಂಡಿಗೆ 4ರಿಂದ 8ರ ಕುಲುಕಾಟದಲ್ಲಿಯೇ. ಸೆಕೆಂಡಿಗೆ ಸುಮಾರು ಒಂದೂವರೆ ಸಲಕ್ಕೆ ಇಳಿಸಬೇಕಾದರೆ ಆಸನ ಆಳಿನ ಭಾರಕ್ಕೆ 10 ಸೆಂ.ಮೀ.ಗಿಂತ ಹೆಚ್ಚು ತಗ್ಗಬೇಕು. 10 ಸೆಂ.ಮೀ. ದಪ್ಪದ ಫೋಮಿಗೆ ಇದು ಆಗದ ಮಾತು, ಸ್ಪ್ರಿಂಗೇ ಬೇಕು. ಸ್ಪ್ರಿಂಗು ಮುರಿದ ಆಸನದ ಮೇಲೆ ಫೋಮು ಪೇರಿಸಿ ಪ್ರಯೋಜನವಿಲ್ಲ.

ಕೊಳ್ಳುವ ಮುನ್ನ ಪರೀಕ್ಷೆ

1. ತೂಕ: 30 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 10 ಸೆಂ.ಮೀ. ದಪ್ಪದ ತುಂಡು 360 ಗ್ರಾಂ ತೂಗಿದರೆ ಸಾಂದ್ರತೆ 40. ಬಹಳ ಹಗುರವಾದ ಫೋಮು ಬೇಗ ಕುಸಿಯುತ್ತದೆ.

2. ಕೂತು ನೋಡುವುದು: ನೆಲದ ಮೇಲಿಟ್ಟು ಪೂರ್ತಿ ಭಾರ ಬಿಟ್ಟು ಕೂರಿರಿ. ಅರ್ಧಕ್ಕಿಂತ ಹೆಚ್ಚು ತಗ್ಗಿದರೆ ಬೇಡ.

3. ಮರಳುವ ಗುಣ: ಪ್ರಯೋಗಾಲಯದಲ್ಲಿ ಫೋಮನ್ನು ಅದುಮಿ, 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 22 ಗಂಟೆ ಇಟ್ಟು, ದಪ್ಪ ಎಷ್ಟು ಮರಳಿತೆಂದು ಅಳೆಯುತ್ತಾರೆ. ಮನೆಯಲ್ಲಿ ಎರಡು ಮಾದರಿಗಳನ್ನು ಹಲಗೆಗಳ ನಡುವೆ ಅರ್ಧ ದಪ್ಪಕ್ಕೆ ಬಿಗಿದು ಒಂದು ದಿನ ಇಡಿರಿ. ಬಿಚ್ಚಿ ಅರ್ಧ ಗಂಟೆಯ ನಂತರ ಅಳೆಯಿರಿ. ಹೆಚ್ಚು ಮರಳಿದ್ದನ್ನು ಆರಿಸಿಕೊಳ್ಳಿರಿ.

ನಿರ್ವಹಣೆ

ಬಿಸಿಲು ಫೋಮನ್ನು ಹಳದಿಗಟ್ಟಿಸಿ ಪುಡಿಯಾಗಿಸುತ್ತದೆ. ತೆರೆದ ಗೂಡುಗಳು ನೀರು ಹೀರುತ್ತವೆ. ಹೊದಿಕೆ ಹರಿದೊಡನೆ ಹೊಲಿಸಿರಿ. ಡೀಸೆಲ್, ಎಣ್ಣೆ ತಾಗಿಸಬೇಡಿರಿ. ತೂಕಕ್ಕೆ ತಕ್ಕಂತೆ ಹೊಂದಿಸುವ ತಿರುಪು ಆಸನದಲ್ಲಿದ್ದರೆ ಚಾಲಕ ಬದಲಾದಾಗಲೆಲ್ಲ ಹೊಂದಿಸಿರಿ. ಹಳ್ಳ-ದಿಣ್ಣೆಗಳಲ್ಲಿ ವೇಗ ತಗ್ಗಿಸುವುದು ಎಲ್ಲಕ್ಕಿಂತ ಅಗ್ಗದ ಉಪಾಯ.

ಟ್ರ್ಯಾಕ್ಟರಿನ ಬಿಡಿಭಾಗ ಪೇಟೆಯಲ್ಲಿ ಸಿಗುತ್ತದೆ, ಬೆನ್ನೆಲುಬು ಸಿಗುವುದಿಲ್ಲ. ಮುಂಗಾರು ಹದಕ್ಕೆ ಮುನ್ನ ನೇಗಿಲು, ಟೈರುಗಳ ಜೊತೆಗೆ ಆಸನವನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿರಿ.