ನಿಫ್ಟಿ ಬೀಸ್: ಸಣ್ಣ ಹೂಡಿಕೆದಾರರು ಕೊಳ್ಳುವುದೆಲ್ಲಿ?

ವ್ಯಾಪಾರದಲ್ಲಿ ಉಳಿದ ಲಾಭದ ಒಂದು ಅಂಶವನ್ನು ಶೇರುಪೇಟೆಯಲ್ಲಿ ತೊಡಗಿಸಲು ಬಯಸುವ, ಆದರೆ ಕಂಪನಿಗಳನ್ನು ಒಂದೊಂದಾಗಿ ಪರಿಶೀಲಿಸುವಷ್ಟು ವ್ಯವಧಾನವಿಲ್ಲದ ವರ್ತಕರು ಹಲವರಿದ್ದಾರೆ. ಅಂಥವರು ನಿಫ್ಟಿ ಬೀಸ್ ಎಂಬ ಫಂಡಿನ ಹೆಸರು ಕೇಳಿ ಬ್ಯಾಂಕಿಗೆ ಹೋದರೆ, ಅಲ್ಲಿ ಅದರ ಅರ್ಜಿ ನಮೂನೆ ದೊರೆಯುವುದಿಲ್ಲ. ಬದಲಾಗಿ ಬೇರಾವುದೋ ಯೋಜನೆಯ ಅರ್ಜಿ ಕೈಗೆ ಬರುವುದೇ ಹೆಚ್ಚು. ಈ ಫಂಡ್ ಮಾರಾಟವಾಗುವ ಸ್ಥಳವೇ ಬೇರೆ ಎಂಬುದು ಇದಕ್ಕೆ ಕಾರಣ.

ಹೆಸರಿನ ಹಿನ್ನೆಲೆ

ನಿಫ್ಟಿ ಬೀಸ್ ಭಾರತದ ಪ್ರಥಮ ಎಕ್ಸ್‌ಚೇಂಜ್ ಟ್ರೇಡೆಡ್ ಫಂಡ್, ಅಂದರೆ ಇ.ಟಿ.ಎಫ್. 2001ರ ಡಿಸೆಂಬರಿನಲ್ಲಿ ಬೆಂಚ್‌ಮಾರ್ಕ್ ಮ್ಯೂಚುವಲ್ ಫಂಡ್ ಇದನ್ನು ಆರಂಭಿಸಿತು. 2011ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್, 2016ರಲ್ಲಿ ರಿಲಯನ್ಸ್ ಮ್ಯೂಚುವಲ್ ಫಂಡ್ ಇದರ ನಿರ್ವಹಣೆಯನ್ನು ವಹಿಸಿಕೊಂಡವು. 2019ರಲ್ಲಿ ಆ ಸಂಸ್ಥೆಯೇ ನಿಪ್ಪಾನ್ ಇಂಡಿಯಾ ಎಂಬ ಹೆಸರು ತಳೆಯಿತು. ಈಗ ಇದರ ಪೂರ್ಣ ಹೆಸರು ನಿಪ್ಪಾನ್ ಇಂಡಿಯಾ ಇ.ಟಿ.ಎಫ್. ನಿಫ್ಟಿ 50 ಬೀಸ್. ಹಳೆಯ ಹೆಸರು ಹಿಡಿದು ಹುಡುಕುವವರಿಗೆ ಗೊಂದಲವಾಗುವುದು ಸಹಜ. ಆದರೆ ವಿನಿಮಯ ಕೇಂದ್ರದ ಪಟ್ಟಿಯಲ್ಲಿ ‘ನಿಫ್ಟಿಬೀಸ್’ ಎಂಬ ಸಂಕೇತನಾಮವೇ ಮುಂದುವರಿದಿದೆ.

ನಿಫ್ಟಿ 50 ಸೂಚ್ಯಂಕದ ಐವತ್ತು ಕಂಪನಿಗಳ ಶೇರುಗಳನ್ನು ಅದೇ ಪ್ರಮಾಣದಲ್ಲಿ ಹೊಂದಿರುವುದಷ್ಟೇ ಫಂಡಿನ ಕೆಲಸ. 2019ರಲ್ಲಿ ಯೂನಿಟ್ಟಿನ ಮುಖಬೆಲೆಯನ್ನು 10 ರೂಪಾಯಿಯಿಂದ 1 ರೂಪಾಯಿಗೆ ವಿಭಜಿಸಲಾಯಿತು. ಆದುದರಿಂದ ಒಂದು ಯೂನಿಟ್ಟಿನ ಬೆಲೆ ಸೂಚ್ಯಂಕದ ಸುಮಾರು ನೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚಿರುತ್ತದೆ. ಕೆಲವೇ ನೂರು ರೂಪಾಯಿ ಇರುವವರೂ ಇದನ್ನು ಕೊಳ್ಳಬಹುದು.

ಕೊಳ್ಳುವ ಮಾರ್ಗ

2022ರಲ್ಲಿ ಸೆಬಿ ಹೊರಡಿಸಿದ ಸುತ್ತೋಲೆಯಂತೆ, ಮಾರ್ಕೆಟ್ ಮೇಕರುಗಳನ್ನುಳಿದು ಇತರರು ಇ.ಟಿ.ಎಫ್. ಯೂನಿಟ್ಟುಗಳನ್ನು ಫಂಡ್ ಸಂಸ್ಥೆಯಿಂದ ನೇರವಾಗಿ ಪಡೆಯಬೇಕಾದರೆ ವ್ಯವಹಾರವು 25 ಕೋಟಿ ರೂಪಾಯಿಗಿಂತ ಹೆಚ್ಚಿನದಾಗಿರಬೇಕು. ಹೀಗಾಗಿ ನಮ್ಮಂಥವರಿಗೆ ಉಳಿದಿರುವುದು ಶೇರು ವಿನಿಮಯ ಕೇಂದ್ರವೊಂದೇ. ಬೆಂಗಳೂರು ಶೇರು ವಿನಿಮಯ ಕೇಂದ್ರವು 2014ರಲ್ಲಿ ಸೆಬಿ ಅನುಮತಿಯೊಡನೆ ನಿರ್ಗಮಿಸಿದ್ದರಿಂದ, ಈಗ ಎನ್.ಎಸ್.ಇ. ಅಥವಾ ಬಿ.ಎಸ್.ಇ. ಸದಸ್ಯ ದಲ್ಲಾಳಿಯ ಮೂಲಕವೇ ವ್ಯವಹರಿಸಬೇಕು. ಡಿಮ್ಯಾಟ್ ಖಾತೆ, ಟ್ರೇಡಿಂಗ್ ಖಾತೆ ಮತ್ತು ಜೋಡಣೆಯಾದ ಬ್ಯಾಂಕ್ ಖಾತೆ, ಈ ಮೂರೂ ಅವಶ್ಯ. ವಹಿವಾಟಿನ ವೇಳೆ ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ.

ದಲ್ಲಾಳಿಯ ಸೆಬಿ ನೋಂದಣಿ ಸಂಖ್ಯೆಯನ್ನು ಮೊದಲೇ ತಾಳೆ ನೋಡತಕ್ಕದ್ದು. ವಾಟ್ಸ್‌ಆಪ್ ಗುಂಪಿನಲ್ಲಿ ಬಂದ ಕೊಂಡಿಯಿಂದ ಆಪ್ ಇಳಿಸಿಕೊಂಡು, ಅಪರಿಚಿತ ವ್ಯಕ್ತಿಯ ಖಾತೆಗೆ ಹಣ ಕಳುಹಿಸುವುದೆಂದರೆ ಅದನ್ನು ಕಳೆದುಕೊಂಡಂತೆಯೇ ಸರಿ.

ಬೆಲೆಯ ವಿಷಯದಲ್ಲಿ ಎಚ್ಚರ

ಇ.ಟಿ.ಎಫ್.ನ ಪೇಟೆ ಬೆಲೆ ಬೇಡಿಕೆ–ಪೂರೈಕೆಗೆ ಅನುಗುಣವಾಗಿ ಏರಿಳಿಯುತ್ತದೆ. ಅದು ಸದಾ ನಿವ್ವಳ ಆಸ್ತಿ ಮೌಲ್ಯಕ್ಕೆ ಸಮನಾಗಿರಬೇಕೆಂದಿಲ್ಲ. ಉದಾಹರಣೆಗೆ, ಮೌಲ್ಯ 280 ರೂಪಾಯಿ ಇರುವಾಗ 283 ರೂಪಾಯಿಗೆ 1,000 ಯೂನಿಟ್ ಕೊಂಡವರು ಆ ಗಳಿಗೆಯಲ್ಲೇ 3,000 ರೂಪಾಯಿ ಹೆಚ್ಚು ತೆತ್ತಂತಾಗುತ್ತದೆ. ಆದ್ದರಿಂದ ಫಂಡ್ ಸಂಸ್ಥೆಯು ವಹಿವಾಟಿನ ವೇಳೆಯಲ್ಲಿ ಪ್ರಕಟಿಸುವ ಸೂಚಕ ಮೌಲ್ಯವನ್ನು ನೋಡಿ, ತಮಗೊಪ್ಪುವ ದರ ನಮೂದಿಸಿದ ‘ಲಿಮಿಟ್ ಆರ್ಡರ್’ ಕೊಡುವುದು ಕ್ಷೇಮ.

ಡಿಮ್ಯಾಟ್ ಖಾತೆ ಇಲ್ಲದವರು

ಇವರು ಅದೇ ಸೂಚ್ಯಂಕವನ್ನು ಅನುಸರಿಸುವ ನಿಫ್ಟಿ 50 ಇಂಡೆಕ್ಸ್ ಫಂಡನ್ನು ಆರಿಸಿಕೊಳ್ಳಬಹುದು. ಫಂಡ್ ಸಂಸ್ಥೆಯ ಕಚೇರಿ, ಅಂತರ್ಜಾಲ ತಾಣ ಅಥವಾ ರಿಜಿಸ್ಟ್ರಾರ್ ಸೇವಾ ಕೇಂದ್ರದಲ್ಲಿ ಇದು ಲಭ್ಯ. 2013ರ ಜನವರಿ 1ರಿಂದ ‘ಡೈರೆಕ್ಟ್’ ಯೋಜನೆ ಜಾರಿಯಲ್ಲಿದೆ. ಇದರಲ್ಲಿ ಮಧ್ಯವರ್ತಿಯ ಕಮಿಷನ್ ಇರುವುದಿಲ್ಲ. ವೆಚ್ಚದಲ್ಲಿ ಶೇ. 0.5ರಷ್ಟು ವ್ಯತ್ಯಾಸವಿದ್ದರೂ 10 ಲಕ್ಷ ರೂಪಾಯಿಯ ಹೂಡಿಕೆಗೆ ವರ್ಷಕ್ಕೆ 5,000 ರೂಪಾಯಿ ಉಳಿತಾಯ. ಅರ್ಜಿಯಲ್ಲಿ ‘ಡೈರೆಕ್ಟ್’ ಎಂದು ಸ್ಪಷ್ಟವಾಗಿ ನಮೂದಿಸಲು ಮರೆಯಬಾರದು. ಸಲಹೆ ಮತ್ತು ಸೇವೆ ಬೇಕೆನ್ನುವವರು ಆಂಫಿಯಲ್ಲಿ ನೋಂದಾಯಿತ ವಿತರಕರ ಮೂಲಕ ‘ರೆಗ್ಯುಲರ್’ ಯೋಜನೆ ಪಡೆಯಬಹುದು.

ಲೆಕ್ಕಪತ್ರ ಮತ್ತು ತೆರಿಗೆ

ಏಕಮಾಲೀಕ ಸಂಸ್ಥೆಗೆ ಪ್ರತ್ಯೇಕ ಪ್ಯಾನ್ ಇಲ್ಲದಿರುವುದರಿಂದ ಡಿಮ್ಯಾಟ್ ಖಾತೆ ಮಾಲೀಕರ ಹೆಸರಿನಲ್ಲಿಯೇ ಇರುತ್ತದೆ. ಅಂಗಡಿಯ ಚಾಲ್ತಿ ಖಾತೆಯಿಂದ ಹಣವನ್ನು ಮೊದಲು ಸ್ವಂತ ಉಳಿತಾಯ ಖಾತೆಗೆ ವರ್ಗಾಯಿಸಿ, ಪುಸ್ತಕದಲ್ಲಿ ‘ಡ್ರಾಯಿಂಗ್ಸ್’ ಎಂದು ಬರೆದು, ಅನಂತರ ಹೂಡುವುದು ಸರಿಯಾದ ಕ್ರಮ. ಕ್ಯಾಶ್ ಕ್ರೆಡಿಟ್ ಖಾತೆಯಿಂದ ಹಣ ತೆಗೆದು ಹೂಡಿದರೆ, ಆ ಮೊತ್ತದ ಮೇಲಿನ ಬಡ್ಡಿಯನ್ನು ವ್ಯಾಪಾರದ ವೆಚ್ಚವೆಂದು ತೋರಿಸಲು ಬರುವುದಿಲ್ಲ. ಬ್ಯಾಂಕು ಸಹ ಇದನ್ನು ಸಾಲದ ಹಣದ ದುರುಪಯೋಗವೆಂದು ಪರಿಗಣಿಸಬಹುದು.

2024ರ ಜುಲೈ 23ರಿಂದ ಜಾರಿಗೆ ಬಂದ ದರಗಳಂತೆ, 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡು ಮಾರಿದಾಗ ವರ್ಷಕ್ಕೆ 1.25 ಲಕ್ಷ ರೂಪಾಯಿ ಮೀರಿದ ಲಾಭಕ್ಕೆ ಶೇ. 12.5, ಅದಕ್ಕೂ ಮುನ್ನ ಮಾರಿದರೆ ಶೇ. 20 ತೆರಿಗೆ ಅನ್ವಯಿಸುತ್ತದೆ. ಇಂಡೆಕ್ಸ್ ಫಂಡಿಗೂ ಇದೇ ನಿಯಮ.

ಯಾವ ಹಣ ಹೂಡಬೇಕು?

2008ರ ಒಂದೇ ವರ್ಷದಲ್ಲಿ ನಿಫ್ಟಿ ತನ್ನ ಮೌಲ್ಯದ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡಿತು; 2020ರ ಮಾರ್ಚ್ 23ರಂದು ಒಂದೇ ದಿನ ಸುಮಾರು ಶೇ. 13ರಷ್ಟು ಕುಸಿಯಿತು. ಜಿ.ಎಸ್.ಟಿ., ಮುಂಗಡ ತೆರಿಗೆ, ಸಿಬ್ಬಂದಿಯ ವೇತನ, ಸಣ್ಣ ಉದ್ದಿಮೆದಾರರಿಗೆ 45 ದಿನಗಳೊಳಗೆ ಸಲ್ಲಿಸಬೇಕಾದ ಬಾಕಿ – ಇವುಗಳಿಗೆ ಮೀಸಲಾದ ಹಣವನ್ನು ಇಂತಹ ಫಂಡಿನಲ್ಲಿ ತೊಡಗಿಸಿದರೆ, ಪೇಟೆ ಬಿದ್ದ ದಿನವೇ ನಷ್ಟಕ್ಕೆ ಮಾರಬೇಕಾದ ಪ್ರಸಂಗ ಬಂದೀತು. ಕನಿಷ್ಠ ಐದಾರು ವರ್ಷ ವ್ಯಾಪಾರಕ್ಕೆ ಬೇಕಾಗದ ಹಣವನ್ನು ಮಾತ್ರ, ಅದನ್ನೂ ಒಂದೇ ಸಲಕ್ಕಲ್ಲದೆ ಕಂತುಗಳಲ್ಲಿ, ಹೂಡುವುದು ವಿವೇಕದ ಕ್ರಮ. ಖಾತೆ ತೆರೆಯುವಾಗಲೇ ನಾಮನಿರ್ದೇಶನ ಮಾಡಿ, ವಿವರಗಳನ್ನು ಮನೆಯವರಿಗೆ ತಿಳಿಸಿಡುವುದೂ ಅಷ್ಟೇ ಮುಖ್ಯ.