ಕಾಲೇಜು ವಿಶ್ವವಿದ್ಯಾಲಯವಾದಾಗ ಉಳಿಯಬೇಕಾದುದು ಯಾವುದು?

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಇಳಿದು, ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ ಎಲ್ಲಿದೆ ಎಂದು ಕೇಳಿದೆವು. "ಬಿ.ವಿ.ಬಿ. ಏನ್ರೀ ಅಜ್ಜಾರ?" ಎಂದು ಆಟೋದವನು ಮರುಪ್ರಶ್ನೆ ಹಾಕಿದ. 2015ರಲ್ಲಿ ಆ ಕಾಲೇಜು ವಿಶ್ವವಿದ್ಯಾಲಯವಾಗಿ ಫಲಕ ಬದಲಾಯಿತು. ಜನರ ನಾಲಗೆ ಬದಲಾಗಲಿಲ್ಲ. ಇದನ್ನು ನಾವು ಅಜ್ಞಾನವೆಂದು ಭಾವಿಸುವುದಿಲ್ಲ. ಆ ಮೂರಕ್ಷರಗಳಲ್ಲಿ ಬಸಪ್ಪ ವೀರಪ್ಪ ಭೂಮರಡ್ಡಿ ಎಂಬ ದಾನಿಯ ಹೆಸರು ಅಡಗಿದೆ.

ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. 1916ರಲ್ಲಿ ಬೆಳಗಾವಿಯಲ್ಲಿ ಒಂದು ಶಾಲೆಯೊಡನೆ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಜನ್ಮತಾಳಿತು. ಅದಕ್ಕೆ ಅಡಿಗಲ್ಲಿಟ್ಟ ಏಳು ಮಂದಿಯನ್ನು ಸಮಾಜ ಸಪ್ತರ್ಷಿಗಳೆಂದು ಗೌರವಿಸುತ್ತ ಬಂದಿದೆ. ಅವರಲ್ಲೊಬ್ಬರಾದ ಶಿ.ಶಿ. ಬಸವನಾಳರು ವಚನ ಸಂಪಾದನೆಯಲ್ಲಿ ಆಯುಷ್ಯ ಸವೆಸಿದರೆ, ಎಂ.ಆರ್. ಸಾಖರೆಯವರು ಲಿಂಗಾಯತ ಧರ್ಮದ ಇತಿಹಾಸ ಮತ್ತು ತತ್ತ್ವವನ್ನು ಕುರಿತು ಇಂಗ್ಲಿಷಿನಲ್ಲಿ ಬೃಹದ್ಗ್ರಂಥವನ್ನೇ ರಚಿಸಿದರು. ಆಗ ಈ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಪ್ರಾರಂಭವಾಗುವವರೆಗೆ ಪದವಿಯ ಆಸೆಯುಳ್ಳ ನಮ್ಮ ಹುಡುಗರು ಪುಣೆ, ಮುಂಬಯಿಗಳತ್ತ ಮುಖಮಾಡಬೇಕಾಗಿತ್ತು. 1933ರಲ್ಲಿ ಬೆಳಗಾವಿಯಲ್ಲಿ ಸಂಸ್ಥೆ ತೆರೆದ ಕಾಲೇಜಿಗೆ, ತಮ್ಮ ಸರ್ವಸ್ವವನ್ನೂ ಸಮಾಜದ ಮಕ್ಕಳ ವಿದ್ಯೆಗೆ ಮೀಸಲಿಟ್ಟ ಸಿರಸಂಗಿಯ ಲಿಂಗರಾಜರ ಹೆಸರು ಬಂದಿತು. ಸ್ವಾತಂತ್ರ್ಯ ಬಂದ 1947ರಲ್ಲಿಯೇ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಅದರ ಉದ್ದೇಶವನ್ನು ಬರೆದು ಗೋಡೆಗೆ ತೂಗುಹಾಕುವ ಅಗತ್ಯ ಯಾರಿಗೂ ಕಂಡಿರಲಾರದು. ಒಕ್ಕಲಿಗನ ಮಗ ಸೇತುವೆ ಕಟ್ಟುವುದನ್ನು ಕಲಿಯಬೇಕು. ಅದಕ್ಕಾಗಿ ಅವನು ಊರು ಬಿಟ್ಟು ಬಹುದೂರ ಹೋಗುವಂತಾಗಬಾರದು. ಅಷ್ಟೇ.

ಬೇರೊಂದು ವಿಶ್ವವಿದ್ಯಾಲಯದ ಆಶ್ರಯದಲ್ಲಿರುವ ಕಾಲೇಜಿಗೆ ಒಂದು ನಿಶ್ಚಿಂತೆ ಇರುತ್ತದೆ. ಏನನ್ನು ಕಲಿಸಬೇಕೆಂಬುದನ್ನು ಬೇರೆಯವರು ಗೊತ್ತುಪಡಿಸುತ್ತಾರೆ, ಪರೀಕ್ಷೆಯನ್ನೂ ಅವರೇ ನಡೆಸುತ್ತಾರೆ; ಇವರು ಚೆನ್ನಾಗಿ ಬೋಧಿಸಿದರೆ ಸಾಕು. ಬಿ.ವಿ.ಬಿ. ಕಾಲೇಜು ಬಹುಕಾಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ನೆರಳಿನಲ್ಲಿತ್ತು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಬಳಿಕ ಅದರ ಅಧೀನಕ್ಕೆ ಬಂದು, 2007ರಲ್ಲಿ ಸ್ವಾಯತ್ತತೆ ಪಡೆಯಿತು. ವಿಶ್ವವಿದ್ಯಾಲಯವಾದಂದಿನಿಂದ ಪಠ್ಯವೂ ಪರೀಕ್ಷೆಯೂ ಪದವಿಯೂ ತನ್ನದೇ. ಹೊರೆಯನ್ನು ಪರರ ಮೇಲೆ ಹೊರಿಸುವ ಅವಕಾಶ ತಪ್ಪಿತು. ಮನೆಯಿಂದ ಬೇರೆಯಾದ ಮಗನಿಗೆ ಒಲೆ ಹೂಡಿದ ಮೊದಲ ದಿನವೇ, ತಾನು ಯಾರು, ತನ್ನ ಬಾಗಿಲು ಯಾರಿಗೆ ತೆರೆದಿದೆ ಎಂಬ ಪ್ರಶ್ನೆ ಎದುರಾಗುವುದಿಲ್ಲವೆ?

ಈಗಿನ ಸಂಸ್ಥೆಗಳು 'ಧ್ಯೇಯ' ಮತ್ತು 'ದರ್ಶನ'ಗಳೆಂದು ಅಮೃತಶಿಲೆಯಲ್ಲಿ ಕೆತ್ತಿಸುವ ವಾಕ್ಯಗಳನ್ನು ನಾವು ಕುತೂಹಲದಿಂದ ಓದುತ್ತೇವೆ. ಉತ್ಕೃಷ್ಟತೆ, ಜಾಗತಿಕ ಮಟ್ಟ, ಸರ್ವಾಂಗೀಣ ವಿಕಾಸ! ಒಂದರ ಹೆಸರು ಅಳಿಸಿ ಇನ್ನೊಂದರ ಹೆಸರು ಬರೆದರೂ ಆ ಮಾತುಗಳಿಗೆ ಏನೂ ಕುಂದಾಗದು. ಊರಿನ ಹೆಸರು ಬದಲಾಯಿಸಿದೊಡನೆ ಸುಳ್ಳಾಗುವ ಒಂದು ವಾಕ್ಯವಾದರೂ ಅಲ್ಲಿರಬೇಕೆಂಬುದು ನಮ್ಮ ಅಭಿಪ್ರಾಯ. ಮಲಪ್ರಭೆಯ ನೀರು, ಹುಬ್ಬಳ್ಳಿಯ ಸಣ್ಣ ಕೈಗಾರಿಕೆಗಳು, ಎರೆಹೊಲದ ರೈತನ ಉಪಕರಣ, ಕನ್ನಡ ಮಾಧ್ಯಮದಲ್ಲಿ ಓದಿ ಬಂದು ಮೊದಲ ವರ್ಷ ಇಂಗ್ಲಿಷ್ ಪಾಠದ ಮುಂದೆ ಕಂಗಾಲಾಗುವ ಹಳ್ಳಿಯ ಹುಡುಗಿ, ಇವರ ಪ್ರಸ್ತಾಪವಿಲ್ಲದ ಧ್ಯೇಯವಾಕ್ಯ ಉತ್ತರ ಕರ್ನಾಟಕದ ವಿಶ್ವವಿದ್ಯಾಲಯದ್ದು ಹೇಗಾದೀತು? ಇದೇ ಬಿ.ವಿ.ಬಿ.ಯಲ್ಲಿ ಓದಿದ ಶ್ರೀಮತಿ ಸುಧಾ ಮೂರ್ತಿಯವರು, ಅಂದಿನ ಕಾಲೇಜಿಗೆ ತಾವೊಬ್ಬರೇ ವಿದ್ಯಾರ್ಥಿನಿಯಾಗಿದ್ದ ಸಂಗತಿಯನ್ನು ಹಲವು ಬಾರಿ ಹೇಳಿಕೊಂಡಿದ್ದಾರೆ. ಇಂದು ಅದೇ ಆವರಣದಲ್ಲಿ ಗುಂಪುಗುಂಪಾಗಿ ಸಾಗುವ ಹೆಣ್ಣುಮಕ್ಕಳನ್ನು ಕಂಡಾಗ ಯಾವ ಶಿಲಾಫಲಕವೂ ಹೇಳದ ಧ್ಯೇಯ ನಮಗೆ ಕಾಣಿಸಿತು.

ಇನ್ನೊಂದು ಕಠಿಣವಾದ ಪ್ರಶ್ನೆಯಿದೆ. 1979ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ಡಾ. ಎಂ.ಎಸ್. ಶೇಷಗಿರಿ ಇಂಜಿನಿಯರಿಂಗ್ ಕಾಲೇಜು ಈಗ ಇದೇ ವಿಶ್ವವಿದ್ಯಾಲಯದ ಬೆಳಗಾವಿ ಆವರಣವಾಗಿದೆ. ಹುಬ್ಬಳ್ಳಿಗೂ ಬೆಳಗಾವಿಗೂ ಸುಮಾರು ನೂರು ಕಿಲೋಮೀಟರುಗಳ ಅಂತರ. ಎರಡೂ ಕಡೆ ದಶಕಗಳ ಅಭಿಮಾನವಿದೆ, ತಮ್ಮದೇ ಹಳೆಯ ವಿದ್ಯಾರ್ಥಿಗಳಿದ್ದಾರೆ. ಆವರಣಗಳಿಗೆ ದಾನಿಗಳ ಹೆಸರನ್ನು ಉಳಿಸಿಕೊಂಡಿರುವುದು ವಿವೇಕದ ಕೆಲಸ. ಆದರೆ ಹೆಸರು ಉಳಿದ ಮಾತ್ರಕ್ಕೆ ಸಮಾನತೆ ಬಂದಂತಾಗದು. ಹಿರಿಯ ಪ್ರಾಧ್ಯಾಪಕರು, ಹೊಸ ಪ್ರಯೋಗಶಾಲೆ, ಸಂಶೋಧನೆಯ ಹಣ ಎಲ್ಲವೂ ಒಂದೇ ಕಡೆ ಸೇರಿದರೆ ಇನ್ನೊಂದು ಆವರಣ ಹೆಸರಿಗೆ ಅಂಗ, ವಾಸ್ತವದಲ್ಲಿ ಉಪಶಾಖೆ. ಅಲ್ಲಿ ಪ್ರವೇಶ ಪಡೆದ ಮಗುವಿನ ಪದವಿಪತ್ರದಲ್ಲಿ ಇರುವುದು ಮಾತ್ರ ಅದೇ ಮುದ್ರೆ. ಅದಕ್ಕೆ ನ್ಯಾಯ ಸಲ್ಲಬೇಡವೆ?

ನಾವು ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರು. ನಮ್ಮ ಬಾಲ್ಯದಲ್ಲಿ ಹಿರಿಯ ಪೂಜ್ಯರು ಪರವೂರಿನಲ್ಲಿ ಶಾಖಾ ಪಾಠಶಾಲೆಯೊಂದನ್ನು ತೆರೆದಾಗ ನಿಯಮಾವಳಿಯನ್ನು ಕಳಿಸಲಿಲ್ಲ. ಎಲ್ಲರಿಗಿಂತ ನುರಿತ ಶಾಸ್ತ್ರಿಗಳನ್ನೂ, ಅಡಿಗೆಯ ಮನೆಯ ಹಿರಿಯರನ್ನೂ ಕಳಿಸಿದರು. ಮೂಲ ಮಠದಲ್ಲಿ ನಾವು ವರ್ಷವಿಡೀ ಹಸಿಬಿಸಿ ರೊಟ್ಟಿ ತಿಂದೆವು, ವ್ಯಾಕರಣ ಪಾಠವೂ ಕುಂಟಿತು. ನಾವು ಗೊಣಗಿದಾಗ, "ಅಲ್ಲಿರೋವರೂ ನಮ್ಮ ಮಕ್ಕಳೇನಪಾ" ಎಂದಷ್ಟೇ ಅವರು ನುಡಿದರು. ಹುಬ್ಬಳ್ಳಿಯ ಅತ್ಯುತ್ತಮ ಅಧ್ಯಾಪಕರು ಕೆಲವು ವರ್ಷ ಬೆಳಗಾವಿಯಲ್ಲಿಯೂ, ಅಲ್ಲಿಯವರು ಇಲ್ಲಿಯೂ ದುಡಿಯುವಂತಾದರೆ ಒಂದೇ ವಿಶ್ವವಿದ್ಯಾಲಯವೆಂಬ ಮಾತಿಗೆ ಜೀವ ಬಂದೀತು. ಸ್ಥಾವರ ಕಟ್ಟಡಗಳ ನಡುವೆ ಜಂಗಮರಾಗಿ ಚಲಿಸಬೇಕಾದವರು ಅಧ್ಯಾಪಕರೇ.

ಲಿಂಗಾಯತ ಎಂಬ ಶಬ್ದ ಸಂಸ್ಥೆಯ ಹೆಸರಿನಲ್ಲಿದೆಯಲ್ಲ, ಎಲ್ಲರಿಗೂ ತೆರೆದ ವಿಶ್ವವಿದ್ಯಾಲಯಕ್ಕೆ ಅದು ತೊಡಕಲ್ಲವೇ ಎಂದು ಯುವಮಿತ್ರರೊಬ್ಬರು ನಮ್ಮನ್ನು ಕೇಳಿದರು. ಅನುಭವ ಮಂಟಪದಲ್ಲಿ ಅಂಬಿಗರ ಚೌಡಯ್ಯನಂಥವರೂ ಕುಳಿತಿದ್ದರೆಂಬುದನ್ನು ನೆನೆದರೆ ತೊಡಕೇನೂ ಇಲ್ಲ. ತೊಡಕು ಇರುವುದು ಶುಲ್ಕದಲ್ಲಿ. ಖಾಸಗಿ ವಿಶ್ವವಿದ್ಯಾಲಯ ನಡೆಸಲು ಹಣ ಬೇಕು, ಒಪ್ಪಿದೆವು. ಆದರೆ ಸಮಾಜದ ಪುಡಿಗಾಸು ಕೂಡಿ ಬೆಳೆದ ಸಂಸ್ಥೆಯ ಬಾಗಿಲಲ್ಲಿ ಬಡ ಕಾಯಕಜೀವಿಯ ಮಗ ಅಂಕಪಟ್ಟಿ ಹಿಡಿದು ನಿಂತು ಹಿಂದಿರುಗಬಾರದು. ಆಡಳಿತ ಮಂಡಳಿ ಪ್ರತಿ ವರ್ಷ ಎಷ್ಟು ಮಕ್ಕಳು ಹಣದ ಅಡಚಣೆಯಿಂದ ಬಾಗಿಲಿಂದಲೇ ಮರಳಿದರೆಂಬ ಲೆಕ್ಕವನ್ನೂ ಇಡಲಿ. ಘಟಿಕೋತ್ಸವದ ದಿನ ಚಿನ್ನದ ಪದಕಗಳ ಪಟ್ಟಿಯೊಡನೆ ಆ ಸಂಖ್ಯೆಯನ್ನೂ ಓದಿ ಹೇಳಲಿ. ಕೇಳಲು ನಾವು ಮುಂದಿನ ಸಾಲಿನಲ್ಲಿ ಬಂದು ಕೂರುತ್ತೇವೆ.