ಹನ್ನೆರಡೂವರೆ ಸೆಂಟಿಮೀಟರಿನ ದೈತ್ಯ

ಬೊಂಬೆಯನ್ನು ಬೆಲೆ ಕೊಟ್ಟು ತಂದ ಮೇಲೆ ಅದನ್ನು ನಾವೇ ಕುಳಿತು ಜೋಡಿಸಬೇಕೆಂದರೆ, ‘ದುಡ್ಡೂ ನಮ್ಮದು, ದುಡಿಮೆಯೂ ನಮ್ಮದೇ?’ ಎಂದು ಮನೆಯ ಹಿರಿಯರು ಕೇಳುವುದು ಸಹಜವೇ. ನಮ್ಮ ಮನೆಯಲ್ಲಿಯೂ ಕೇಳಿದರು. ಜಪಾನಿನಿಂದ ತರಿಸಿದ ಎರಡು ಪೆಟ್ಟಿಗೆಗಳನ್ನು ಬಿಚ್ಚಿದಾಗ ಒಳಗಿದ್ದುದು ಬೊಂಬೆಯಲ್ಲ. ಕಿಟಕಿಯ ಸರಳುಗಳನ್ನು ಹೋಲುವ ಪ್ಲಾಸ್ಟಿಕ್ ಚೌಕಟ್ಟುಗಳು, ಅವಕ್ಕೆ ಅಂಟಿಕೊಂಡ ಕೈ, ಕಾಲು, ಮಂಡಿ, ಮುಖವಾಡಗಳು. ಯುದ್ಧ ಮುಗಿದ ಮೇಲಿನ ರಣರಂಗದಂತಿತ್ತು ಮೇಜು.

ಈ ಯಂತ್ರಮಾನವನ ಹೆಸರು ಗಂಡಮ್. ‘ಯಾರ ಗಂಡನೋ ಇವನು?’ ಎಂದು ಅಜ್ಜಿ ಕೇಳಿದ್ದಕ್ಕೆ ಹುಡುಗರೆಲ್ಲ ನಕ್ಕರು. ನಿಜಕ್ಕೂ ಇವನು ತಾನಾಗಿ ನಡೆದಾಡುವ ಯಂತ್ರಮಾನವನಲ್ಲ; ಒಳಗೆ ಕುಳಿತ ಹದಿನೈದರ ಬಾಲಕನೊಬ್ಬ ನಡೆಸುವ, ಹದಿನೆಂಟು ಮೀಟರ್ ಎತ್ತರದ ಯುದ್ಧಯಂತ್ರ. 1979ರ ಏಪ್ರಿಲ್‌ನಲ್ಲಿ ಜಪಾನಿನ ಟೆಲಿವಿಷನ್ನಿನಲ್ಲಿ ಇವನ ಕಥೆ ಆರಂಭವಾಯಿತು. ನಿರ್ದೇಶಕರು ಯೋಶಿಯುಕಿ ತೊಮಿನೊ. ಯಂತ್ರದ ರೂಪವನ್ನು ಕಲ್ಪಿಸಿದವರು ಕುನಿಯೊ ಒಕಾವರ. ಐವತ್ತೆರಡು ಕಂತುಗಳೆಂದು ಯೋಜಿಸಿದ್ದ ಕಥೆಯನ್ನು, ನೋಡುವವರು ಸಾಲದೆಂದು ನಲವತ್ತಮೂರಕ್ಕೇ ಮೊಟಕುಗೊಳಿಸಿ 1980ರ ಜನವರಿಯಲ್ಲಿ ಮುಗಿಸಿಬಿಟ್ಟರು. ಹೀಗೆ ಸೋತ ಕಥೆಯನ್ನು ಎತ್ತಿ ನಿಲ್ಲಿಸಿದ್ದರಲ್ಲಿ ಮರುಪ್ರಸಾರದಷ್ಟೇ ದೊಡ್ಡ ಪಾಲು ಈ ಪ್ಲಾಸ್ಟಿಕ್ಕಿನದು. ಅದೇ ವರ್ಷದ ಜುಲೈಯಲ್ಲಿ ಬಂದಾಯಿ ಸಂಸ್ಥೆ 144ರಲ್ಲಿ ಒಂದು ಅಳತೆಯ ಗಂಡಮ್ಮನನ್ನು ಮುನ್ನೂರು ಯೆನ್ ಬೆಲೆಗೆ ಮಾರುಕಟ್ಟೆಗೆ ತಂದಿತು. ಹದಿನೆಂಟು ಮೀಟರಿನ ದೈತ್ಯ ಹನ್ನೆರಡೂವರೆ ಸೆಂಟಿಮೀಟರಿಗೆ ಇಳಿದು ಹುಡುಗರ ಅಂಗೈಗೆ ಬಂದ.

ಆಮೇಲಿನ ನೂಕುನುಗ್ಗಲನ್ನು ಏನೆಂದು ಹೇಳಲಿ! ಅಂಗಡಿಗಳ ಮುಂದೆ ಸಾಲುಗಳು. ಒಂದು ಗಂಡಮ್ ಬೇಕಾದರೆ ಯಾರೂ ಕೊಳ್ಳದ ಮತ್ತೊಂದು ಆಟಿಕೆಯನ್ನೂ ಕೊಳ್ಳಬೇಕೆಂದು ಹಟ ಹಿಡಿದ ವ್ಯಾಪಾರಿಗಳೂ ಇದ್ದರು. 1982ರಲ್ಲಿ ಚಿಬಾ ಪ್ರಾಂತದ ಅಂಗಡಿಯೊಂದರಲ್ಲಿ ಇದಕ್ಕಾಗಿ ಓಡಿದ ಮಕ್ಕಳು ಚಲಿಸುವ ಮೆಟ್ಟಿಲುಗಳ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು ಗಾಯಗೊಂಡರು.

ನಮ್ಮ ಎರಡು ಪೆಟ್ಟಿಗೆಗಳಲ್ಲಿ ಒಂದು ಆ ಹಳೆಯ ಅಚ್ಚಿನ ಮರುಮುದ್ರಣ. ಇನ್ನೊಂದು 2020ರಲ್ಲಿ ಹೊರಟ, ಹೊಸಬರಿಗೆಂದೇ ಮಾಡಿದ ಗಂಡಮ್. ಅಳತೆ ಒಂದೇ, ವೀರನೂ ಒಬ್ಬನೇ. ನಡುವೆ ನಲವತ್ತು ವರ್ಷ. ನನ್ನ ತಂಗಿಯ ಮಗ, ಹನ್ನೆರಡರ ಹುಡುಗ, ಹೊಸದನ್ನು ಮೊದಲು ಎಳೆದುಕೊಂಡ.

ಹೊಸದಕ್ಕೆ ಕತ್ತರಿ ಬೇಡ, ಅಂಟು ಬೇಡ, ಬಣ್ಣವೂ ಬೇಡ. ಭಾಗವನ್ನು ಬೆರಳಿನಿಂದ ಒತ್ತಿದರೆ ಚೌಕಟ್ಟಿನಿಂದ ತಾನೇ ಕಳಚಿಕೊಳ್ಳುತ್ತದೆ. ಗೂಟವನ್ನು ಗುಳಿಗೆ ಒತ್ತಿದರೆ ‘ಟಕ್’ ಎಂದು ಕೂಡುತ್ತದೆ. ಎದೆಗೆ ನೀಲಿ, ಪಾದಕ್ಕೆ ಕೆಂಪು, ಕಣ್ಣಿಗೆ ಹಳದಿ, ಎಲ್ಲವೂ ಪ್ಲಾಸ್ಟಿಕ್ಕಿನದೇ ಬಣ್ಣ. ಶಿಜುವೊಕ ನಗರದ ಕಾರ್ಖಾನೆಯಲ್ಲಿ, ಕರಗಿಸಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿಗೆ ಭಾರಿ ಒತ್ತಡದಿಂದ ನುಗ್ಗಿಸುವ ಯಂತ್ರಗಳಿವೆ; ಒಂದೇ ಚೌಕಟ್ಟಿನಲ್ಲಿ ನಾಲ್ಕು ಬಣ್ಣಗಳನ್ನು ಏಕಕಾಲದಲ್ಲಿ ಎರೆಯುವ ಯಂತ್ರಗಳೂ ಅವುಗಳಲ್ಲಿವೆ. ಮೊದಲು ಮರದ ಮಾದರಿಗಳಿಗೂ ಆನಂತರ ಪ್ಲಾಸ್ಟಿಕ್ ಮಾದರಿಗಳಿಗೂ ಹೆಸರಾದ ಊರು ಅದು. ಅಚ್ಚಿನ ನಿಖರತೆಯನ್ನು ಬೆರಳೇ ಹೇಳುತ್ತಿತ್ತು: ಎಲ್ಲಿಯೂ ಸಡಿಲವಿಲ್ಲ, ಎಲ್ಲಿಯೂ ಬಲಾತ್ಕಾರ ಬೇಕಾಗಲಿಲ್ಲ. ಊಟಕ್ಕೆ ಕರೆಯುವ ಮೊದಲೇ ಗಂಡಮ್ ಎದ್ದು ನಿಂತ. ಮಂಡಿಯೂರಬಲ್ಲ, ಬಂದೂಕನ್ನು ಗುರಿಯಿಡಬಲ್ಲ. ಹುಡುಗ ಎರಡು ಬಾರಿ ಕೈಕಾಲು ಆಡಿಸಿ, ಕಪಾಟಿನಲ್ಲಿ ಇಟ್ಟು, ‘ಮಾವ, ಇನ್ನೊಂದು ತೆಗೆಯೋಣವೇ?’ ಎಂದ.

ಇನ್ನೊಂದು ನಮಗೆ ಮೂರು ಭಾನುವಾರಗಳನ್ನು ತೆಗೆದುಕೊಂಡಿತು.

ಬಹುಮಟ್ಟಿಗೆ ಒಂದೇ ಬಿಳಿಯ ಪ್ಲಾಸ್ಟಿಕ್. ಪ್ರತಿಯೊಂದು ಭಾಗವನ್ನೂ ಸಣ್ಣ ಇಕ್ಕುಳದಿಂದ ಕತ್ತರಿಸಬೇಕು. ಅದೂ ಒಂದೇ ಏಟಿಗಲ್ಲ. ಮೊದಲು ಸ್ವಲ್ಪ ದೂರದಲ್ಲಿ ಕತ್ತರಿಸಿ, ಉಳಿದ ಮೊಳೆಯನ್ನು ಎರಡನೆಯ ಬಾರಿ ಮೆಲ್ಲಗೆ ಸವರಿ, ಉಪ್ಪುಕಾಗದದಿಂದ ಉಜ್ಜಬೇಕು. ಅವಸರಪಟ್ಟು ತಿರುಚಿದರೆ ಪ್ಲಾಸ್ಟಿಕ್ಕಿನ ಮೈ ಹರಿಯುತ್ತದೆ. ಎಡಬಲದ ಎರಡು ಹೋಳುಗಳನ್ನು ಅಂಟಿನಿಂದ ಕೂಡಿಸಬೇಕು. ಈ ಅಂಟು ನಮ್ಮ ಗೋಂದಿನ ಜಾತಿಯದಲ್ಲ. ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಕರಗಿಸಿ ಎರಡನ್ನು ಒಂದಾಗಿಸಿಬಿಡುತ್ತದೆ. ಅದರ ಆವಿ ತಲೆಗೇರುವಂತಹುದು. ಕಿಟಕಿಗಳನ್ನು ತೆರೆದಿಟ್ಟುಕೊಂಡೇ ಕೂರತಕ್ಕದ್ದು, ಮತ್ತು ಚಿಕ್ಕ ಮಕ್ಕಳನ್ನು ಹತ್ತಿರ ಬಿಡತಕ್ಕದ್ದಲ್ಲ.

ಮೊದಲ ಭಾನುವಾರವೇ ಹುಡುಗನ ಹೆಬ್ಬೆರಳು ಅಂಟು ಸೋಂಕಿ ಎದೆಯ ಮೇಲೆ ಒತ್ತಿಕೊಂಡಿತು. ತೆಗೆದಾಗ ಬೆರಳಿನ ಗೆರೆಗಳು ಅಚ್ಚೊತ್ತಿದಂತೆ ನಿಂತಿದ್ದವು. ಅವನ ಕಣ್ಣು ತುಂಬಿ ಬಂತು. ‘ಹಾಳಾಯಿತು ಮಾವ, ಇದನ್ನು ಬಿಸಾಡೋಣ’ ಎಂದು ಎದ್ದೇ ಹೋದ. ನಾನು ಸಮಾಧಾನ ಹೇಳಲು ಹೋಗಲಿಲ್ಲ. ಹೇಳಿದ್ದರೆ ಕೇಳುತ್ತಲೂ ಇರಲಿಲ್ಲ. ಭಾಗಗಳನ್ನು ತಟ್ಟೆಯೊಂದರಲ್ಲಿ ಮುಚ್ಚಿಟ್ಟೆ. ವಾರದ ನಡುವೆ ಒಂದು ಸಂಜೆ ನೋಡುತ್ತೇನೆ, ಪಾಠದ ಪುಸ್ತಕವನ್ನು ಬದಿಗಿಟ್ಟು ಅವನೊಬ್ಬನೇ ಕುಳಿತು ಉಪ್ಪುಕಾಗದದಿಂದ ಎದೆಯನ್ನು ಉಜ್ಜುತ್ತಿದ್ದಾನೆ. ಗುರುತು ಅರ್ಧ ಹೋಗಿತ್ತು. ಉಳಿದರ್ಧದ ಮೇಲೆ ನೀಲಿ ಬಣ್ಣ ಬಂದರೂ, ದೀಪಕ್ಕೆ ಓರೆಯಾಗಿ ಹಿಡಿದರೆ ಈಗಲೂ ಕಾಣುತ್ತದೆ.

ಇನ್ನು ಗುಣದೋಷಗಳ ಮಾತು. ಮುಚ್ಚುಮರೆಯಿಲ್ಲದೆ ಹೇಳುವುದಾದರೆ ಹಳೆಯ ಗಂಡಮ್ ಒಳ್ಳೆಯ ಬೊಂಬೆಯಲ್ಲ. ಕಾಲುಗಳು ಹಿಂದೆ ಮುಂದೆ ಆಡುತ್ತವೆಯೇ ಹೊರತು ಅಗಲಿಸಲು ಬರುವುದಿಲ್ಲ; ನಿಂತ ಭಂಗಿ ಶಾಲೆಯ ಕವಾಯತಿನಲ್ಲಿ ‘ಸಾವಧಾನ್’ ಎಂದಾಗಿನದು. ಎಷ್ಟು ಉಜ್ಜಿದರೂ ನಡುವಿನ ಕೂಡುಗೆರೆ ಪೂರ್ತಿ ಅಳಿಯಲಿಲ್ಲ. ಕಣ್ಣಿಗೆ ಹಳದಿ ಹಚ್ಚಿದ್ದು ನಾನು. ಒಂದು ಕಣ್ಣು ತುಸು ದೊಡ್ಡದಾಗಿ, ಏನನ್ನೋ ಕಂಡು ಬೆರಗಾದವನಂತಿದ್ದಾನೆ. ಹೊಸದರಲ್ಲಿ ಇಂತಹ ಯಾವ ಕುಂದೂ ಇಲ್ಲ. ನನ್ನ ಒಂದೇ ದೂರು, ಅದನ್ನು ಕೆಡಿಸುವುದಕ್ಕೂ ನಮಗೆ ಅವಕಾಶವಿಲ್ಲ! ಮಕ್ಕಳಿಗೆ ಮೊದಲ ಬಾರಿ ಕೊಡುವವರು ಹೊಸದನ್ನೇ ಕೊಡಲಿ. ಇದರಲ್ಲಿ ನನಗೆ ಸಂದೇಹವಿಲ್ಲ. ಹಳೆಯದಕ್ಕೆ ಹಿರಿಯರೊಬ್ಬರು ಜೊತೆಗಿರಬೇಕು, ಮತ್ತು ಆ ಹಿರಿಯರಿಗೆ ಭಾನುವಾರ ಬೇರೆ ಕೆಲಸವಿರಬಾರದು. ಅಂದಹಾಗೆ ಖಾಲಿ ಚೌಕಟ್ಟುಗಳು ಬೆಟ್ಟದಷ್ಟು ಉಳಿಯುತ್ತವೆ. ಜಪಾನಿನಲ್ಲಿ 2021ರಿಂದ ಅವನ್ನು ಸಂಗ್ರಹಿಸಿ ಮರುಬಳಕೆಗೆ ಒಯ್ಯುವ ಏರ್ಪಾಡು ನಡೆಸಿದ್ದಾರೆ. ನಮ್ಮಲ್ಲಿ ಅವು ಅಡುಗೆಮನೆಯ ಕಿಟಕಿಗೆ ಹಬ್ಬಿದ ಬಳ್ಳಿಗೆ ಆಸರೆಯಾಗಿವೆ.

ಯೊಕೊಹಾಮಾ ಬಂದರಿನಲ್ಲಿ 2020ರ ಡಿಸೆಂಬರಿನಿಂದ 2024ರ ಮಾರ್ಚಿಯವರೆಗೆ ನಿಜವಾದ ಹದಿನೆಂಟು ಮೀಟರಿನ ಗಂಡಮ್ಮನೇ ಕೈಕಾಲು ಆಡಿಸುತ್ತ ನಿಂತಿದ್ದ. ಅದರ ಚಿತ್ರವನ್ನು ಹುಡುಗನಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, ‘ಇದರ ಕೂಡುಗೆರೆ ಎಲ್ಲಿದೆ ಮಾವ?’ ಎಂದು ಕೇಳಿದ. ಮನೆಗೆ ಬಂದ ನೆಂಟರಿಗೆ ಅವನು ತೋರಿಸುವುದು ಈಗ ಎರಡನೆಯ ಬೊಂಬೆಯನ್ನು. ಹೊಸದು ಅದರ ಹಿಂದೆ ನಿಂತಿದೆ.